ತಟ್ಟೆ ಮೇಲಿನ ಬೀಗದ ಕೈ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಒಂದು ಸಂಜೆ ಬಿಷಪ್ಪರ ಮನೆಯಿಂದ ಫೋನ್ ಬಂತು. ನಮ್ಮ ಚರ್ಚಿಗೆ ಹೊಸ ಸ್ವಾಮಿಗಳು ಬರುತ್ತಿದ್ದಾರೆ. ಮುಂದಿನ ತಿಂಗಳ ಮೊದಲ ಭಾನುವಾರ ಅಧಿಕಾರ ಸ್ವೀಕಾರ. ಬಿಷಪ್ಪರೇ ಬಂದು ನಡೆಸಿಕೊಡುತ್ತಾರೆ, ತಯಾರಿ ಮಾಡಿಕೊಳ್ಳಿ. ಅಷ್ಟು ಹೇಳಿ ಫೋನ್ ಇಟ್ಟರು. ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ ಆಗಿದ್ದ ತಪ್ಪಿಗೆ ಎಲ್ಲ ನನ್ನ ತಲೆ ಮೇಲೆ ಬಂತು.

ಹಳೇ ಮೈಸೂರು ಸೀಮೆಯ ಸಣ್ಣ ಹಳ್ಳಿ ನಮ್ಮದು. ನಮ್ಮ ಕಡೆ ಕಥೋಲಿಕರು ಪಾದ್ರಿಗಳನ್ನು ಕರೆಯುವುದು ಸ್ವಾಮಿ ಅಂತಲೇ. ಈಗಿನ ಹುಡುಗರು ಫಾದರ್ ಅನ್ನುತ್ತಾರೆ, ನಮ್ಮ ಅಜ್ಜಿಯರ ಬಾಯಲ್ಲಿ ಅದು ಸಾಮೇರು. 17ನೇ ಶತಮಾನದಲ್ಲಿ ಇಟಲಿಯಿಂದ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಸಂಘದ ಗುರು, ಅಂದರೆ ಪಾದ್ರಿ, ಲಿಯೊನಾರ್ಡೊ ಚಿನ್ನಮಿ ಕಾವಿ ಉಟ್ಟು ಸನ್ಯಾಸಿಗಳ ಹಾಗೆ ಬದುಕಿದವರು. ಹಾಗಾಗಿ ಸ್ವಾಮಿ ಅನ್ನುವ ಮಾತು ನಮ್ಮ ನಾಲಿಗೆಗೆ ಹೊಸದೇನಲ್ಲ.

ಮೊದಲ ಮೀಟಿಂಗ್ ಕರೆದೆವು. ಶಾಮಿಯಾನ ಎಷ್ಟು ದೊಡ್ಡದು, ಬ್ಯಾಂಡ್ ಸೆಟ್ ಎಲ್ಲಿಂದ, ಬಿರಿಯಾನಿಗೆ ಎಷ್ಟು ಕೆಜಿ ಅಕ್ಕಿ, ಯಾರಿಗೆಲ್ಲ ಶಾಲು. ಒಂದೂವರೆ ಗಂಟೆ ಇದೇ ನಡೆಯಿತು. ಪೂಜೆಯ ಮಾತು ಬಂದಾಗ ಒಬ್ಬರು, "ಅದನ್ನ ಸ್ವಾಮಿಗಳು ನೋಡ್ಕೋತಾರೆ ಬಿಡಿ" ಅಂದರು. ಯಾವ ಸ್ವಾಮಿಗಳು? ಹಳಬರು ಪೆಟ್ಟಿಗೆ ಕಟ್ಟಿದ್ದರು, ಹೊಸಬರು ಇನ್ನೂ ಊರಿಗೆ ಬಂದಿರಲಿಲ್ಲ.

ಕಳೆದ ಸಲವೂ ಹೀಗೇ ಆಗಿತ್ತು. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಮುಗಿದ ಮೇಲೆ ಶಾಲು, ಹಾರ, ಭಾಷಣ ಅಂತ ಒಂದು ಗಂಟೆ. ಮಕ್ಕಳು ಹಸಿದು ಅಳುತ್ತಿದ್ದವು. ಅಧಿಕಾರ ಸ್ವೀಕಾರ ಅನ್ನುವುದು ಯಾವ ಕ್ಷಣದಲ್ಲಿ ಆಯಿತು ಅಂತ ಅಲ್ಲಿದ್ದ ಯಾರನ್ನು ಕೇಳಿದರೂ ಹೇಳುವವರಿರಲಿಲ್ಲ.

ಈ ಸಲ ನಾನು ಪಕ್ಕದ ಊರಿನ ಹಿರಿಯ ಗುರುಗಳೊಬ್ಬರ ಹತ್ತಿರ ಹೋಗಿ ಕೂತೆ. ಅವರು ಹೇಳಿದ್ದು ನನಗೆ ಹೊಸದು. 1983ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಕಾನೂನಿನ ಪ್ರಕಾರ, ಬಿಷಪ್ಪರು ನೇಮಕದ ಪತ್ರ ಬರೆದ ಮಾತ್ರಕ್ಕೆ ಆಡಳಿತ ಕೈಗೆ ಬರುವುದಿಲ್ಲ. ಧರ್ಮಕೇಂದ್ರವನ್ನು, ಅಂದರೆ ಊರಿನ ಚರ್ಚು ಮತ್ತು ಅದರ ಜನರನ್ನು, ವಹಿಸಿಕೊಂಡ ಗಳಿಗೆಯಿಂದಲೇ ಹೊಸ ಗುರುವಿನ ಹಕ್ಕು, ಹೊಣೆ ಎರಡೂ ಶುರು. ವಹಿಸಿಕೊಡುವವರು ಬಿಷಪ್ಪರು, ಇಲ್ಲಾ ಅವರು ಕಳಿಸಿದ ಇನ್ನೊಬ್ಬ ಗುರು. ಅಂದರೆ ಆ ಭಾನುವಾರದ ಪೂಜೆ ಬರೀ ಸ್ವಾಗತ ಸಮಾರಂಭ ಅಲ್ಲ. ಕೆಲಸ ನಡೆಯುವುದೇ ಅಲ್ಲಿ. ಹಾಗಿದ್ದ ಮೇಲೆ ಅದು ಹಿಂದಿನ ಬೆಂಚಿನ ಅಜ್ಜಿಗೂ ಕಾಣಬೇಕು, ಅಲ್ವಾ? ನಾವು ಯೋಜನೆ ಹಾಕಿದ್ದು ಈ ಒಂದು ಮಾತು ಇಟ್ಟುಕೊಂಡು.

ದಿನದ ವಿಚಾರ ಬೇಗ ಮುಗಿಯಿತು. ಈಸ್ಟರಿಗೆ ಮೊದಲಿನ ತಪಸ್ಸುಕಾಲ, ಕ್ರಿಸ್‌ಮಸ್ಸಿಗೆ ಮೊದಲಿನ ಆಗಮನ ಕಾಲ, ಈಸ್ಟರಿನಿಂದ ಶುರುವಾಗುವ ಪಾಸ್ಖ ಕಾಲದ ಭಾನುವಾರವಾದರೆ ಆ ದಿನದ ಪೂಜೆಯನ್ನೇ ಮಾಡಬೇಕು, ಬದಲಾಯಿಸುವ ಹಾಗಿಲ್ಲ. ನಮ್ಮದು ಇವುಗಳ ಹೊರಗಿನ ಸಾಮಾನ್ಯ ಕಾಲ, ತೊಂದರೆ ಇರಲಿಲ್ಲ.

ಶುರುವಾಗುವುದು ಬಾಗಿಲಲ್ಲಿ. ಬಿಷಪ್ಪರು ಚರ್ಚಿನ ಬೀಗದ ಕೈಯನ್ನು ಹೊಸ ಗುರುವಿಗೆ ಅಲ್ಲೇ ಕೊಡಬಹುದು. ಕೀ ತರಲು ಉಪದೇಶಿಗಳಿಗೆ ಹೇಳಿದೆವು. ನಮ್ಮ ಉಪದೇಶಿಗಳು ಮೂವತ್ತು ವರ್ಷದಿಂದ ಗಂಟೆ ಹೊಡೆದು, ದೀಪ ಹಚ್ಚಿ, ಮಕ್ಕಳಿಗೆ ಜಪ ಕಲಿಸಿದವರು. ಅವರು ತಂದಿದ್ದು ಗೇಣುದ್ದದ ಒಂದು ಕಬ್ಬಿಣದ ಕೈ. ನೋಡಲು ಬಲು ಚಂದ, ಆದರೆ ಅದರ ಬೀಗ ಕೆಟ್ಟು ಎಷ್ಟೋ ಕಾಲ ಆಗಿದೆ. ಈಗ ಬಾಗಿಲಿಗೆ ಹಾಕುವುದು ಅಂಗಡಿಯ ಹಿತ್ತಾಳೆ ಬೀಗ. ಫೋಟೋಗೆ ಹಳೆಯದೇ ಇರಲಿ ಅಂತ ಯುವಕ ಸಂಘದವರು. ತೆರೆಯದ ಕೈ ಕೊಟ್ಟು ಏನು ಪ್ರಯೋಜನ ಅಂತ ನಾನು. ಕೊನೆಗೆ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ತಟ್ಟೆಯಲ್ಲಿ ಇಟ್ಟೆವು.

ಒಳಗೆ ಹೋದ ಮೇಲೆ ನೇಮಕದ ಪತ್ರ ಓದಬೇಕು. ಸರಿಯಾಗಿ ಓದಬಲ್ಲವರೇ ಓದಲಿ ಅಂತ ಮೂರು ಸಲ ಓದಿಸಿ ನೋಡಿದೆವು. ವಿಶ್ವಾಸ ಪ್ರಮಾಣವನ್ನು ಹೊಸ ಗುರು ತಮ್ಮ ಬಾಯಿಂದಲೇ ಹೇಳಬೇಕು. ಜೊತೆಗೆ ಬೈಬಲ್ಲಿನ ಶುಭಸಂದೇಶದ ಮೇಲೆ ಕೈಯಿಟ್ಟು ನಿಷ್ಠೆಯ ಪ್ರಮಾಣ. ಪುಸ್ತಕ ಹಿಡಿಯುವ ಹುಡುಗ ಮೈಕಿಗೆ ಅಡ್ಡ ನಿಲ್ಲಬಾರದು. ಇಂಥ ಸಣ್ಣ ವಿಷಯವೇ ಆ ದಿನ ಕೈಕೊಡುವುದು. ಪೂಜೆಯ ನಡುವಿನ ಪ್ರಬೋಧನೆ, ಅಂದರೆ ಪ್ರಸಂಗ, ಆದ ಮೇಲೆ, ಗುರುದೀಕ್ಷೆಯ ದಿನ ಕೊಟ್ಟ ಮಾತುಗಳನ್ನು ಬಿಷಪ್ಪರು ಮತ್ತೆ ಒಂದೊಂದಾಗಿ ಕೇಳುತ್ತಾರೆ, ಇವರು ಜನರೆದುರು ಉತ್ತರ ಕೊಡುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನ ನಡಿಗೆ. ಬಿಷಪ್ಪರು ಹೊಸ ಗುರುವನ್ನು ಕರೆದುಕೊಂಡು ಚರ್ಚಿನೊಳಗೆ ಒಂದು ಸುತ್ತು ಬರುತ್ತಾರೆ. ಪೂಜೆ ನಡೆಸುವವರ ಕುರ್ಚಿ, ಪವಿತ್ರ ರೊಟ್ಟಿ ಇಡುವ ಪರಮಪ್ರಸಾದದ ಪೆಟ್ಟಿಗೆ, ಜ್ಞಾನಸ್ನಾನದ ತೊಟ್ಟಿ, ಪಾಪನಿವೇದನೆಯ ಜಾಗ. ಇಲ್ಲಿ ಕೂರುತ್ತೀರಿ, ಇಲ್ಲಿ ಮಕ್ಕಳಿಗೆ ನೀರು ಹಾಕುತ್ತೀರಿ, ಇಲ್ಲಿ ಜನರ ಸಂಕಟ ಕೇಳುತ್ತೀರಿ ಅಂತ ತೋರಿಸಿದ ಹಾಗೆ. ಹೊಸ ಸೊಸೆಗೆ ಅತ್ತೆ ಅಡುಗೆಮನೆ, ಕೊಟ್ಟಿಗೆ, ದೇವರ ಕೋಣೆ ತೋರಿಸುವುದಿಲ್ಲವೇ, ಹಾಗೇ.

ಆ ದಾರಿ ನೋಡಲು ನಾವು ಶನಿವಾರ ನಡೆದೆವು. ಪಾಪನಿವೇದನೆಯ ಗೂಡಿನ ಬಾಗಿಲು ತೆಗೆದರೆ ಒಳಗೆ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಕ್ರಿಸ್‌ಮಸ್ ಗೋದಲಿಯ ಹುಲ್ಲು, ಒಂದು ಕೆಟ್ಟ ಫ್ಯಾನು. ತೊಟ್ಟಿಯ ಮೇಲೆ ಹೂಕುಂಡ ಕೂತಿತ್ತು. ನಾಚಿಕೆಯಾಯಿತು. ಮಹಿಳಾ ಸಂಘದವರು ಬಕೆಟ್ ತಂದು ರಾತ್ರಿ ಎಂಟರವರೆಗೆ ತೊಳೆದರು.

ಅದೇ ದಿನ ಆಫೀಸಿನಲ್ಲಿ ರಿಜಿಸ್ಟರುಗಳನ್ನೂ ಎಣಿಸಿದೆವು. ಜ್ಞಾನಸ್ನಾನ, ಮದುವೆ, ಮರಣ. ಇವನ್ನು ಇಟ್ಟು ಕಾಯುವುದು ಗುರುವಿನ ಕರ್ತವ್ಯ. ಹಳೇ ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ. ಆಗ ಪೂಜೆಯೂ ಲ್ಯಾಟಿನ್. ಕನ್ನಡ ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಊರಿನ ಚೌರಪ್ಪ, ಇನ್ನಾಸಪ್ಪ, ಚಿನ್ನಪ್ಪ ಎಲ್ಲ ಆ ಹಳೇ ಪುಸ್ತಕಗಳಲ್ಲಿ ಕ್ಸಾವೇರಿಯುಸ್, ಇಗ್ನಾಸಿಯುಸ್, ಪಾವುಲುಸ್ ಆಗಿ ಕೂತಿದ್ದಾರೆ. ನಮ್ಮ ತಾತನನ್ನು ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಇನ್ನು ಶಾಲಿನ ಜಗಳ. ಪೂಜೆಯ ನಡುವೆ ಒಂದೂ ಬೇಡ, ಎಲ್ಲ ಹೊರಗೆ ಶಾಮಿಯಾನದಲ್ಲಿ, ಭಾಷಣ ಮೂರೇ ಅಂತ ನಾನು ಹಟ ಹಿಡಿದೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟರು. ಒಬ್ಬರು ಇನ್ನೂ ಬಿಟ್ಟೇ ಇದ್ದಾರೆ. ಹಳೇ ಸ್ವಾಮಿಗಳ ಬೀಳ್ಕೊಡುಗೆಯನ್ನೂ ಒಂದು ವಾರ ಮೊದಲೇ ಮಾಡಿ ಮುಗಿಸಿದ್ದೆವು. ಅಳುವುದಕ್ಕೂ ನಗುವುದಕ್ಕೂ ಬೇರೆ ಬೇರೆ ದಿನ ಇದ್ದರೆ ಒಳ್ಳೆಯದು ಅಂತ ನನ್ನ ಲೆಕ್ಕ.

ಭಾನುವಾರ ಎಲ್ಲ ಸುಸೂತ್ರವಾಗಿ ನಡೆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತೊಟ್ಟಿಯ ಹತ್ತಿರ ಮೈಕಿನ ವೈರ್ ಸಾಲದೆ ಬಿಷಪ್ಪರ ಮಾತು ಯಾರಿಗೂ ಕೇಳಲಿಲ್ಲ. ಆದರೂ ಜನ ಎದ್ದು ನಿಂತು, ಕತ್ತು ಚಾಚಿ ನೋಡುತ್ತಿದ್ದರು. ಪೂಜೆ ಮುಗಿದು ಎಲ್ಲರೂ ಸಮಾಧಿ ಭೂಮಿಗೆ ಹೋದೆವು. ಹೊಸ ಸ್ವಾಮಿಗಳು ಗೋರಿಗಳ ಮೇಲೆ ತೀರ್ಥ ಚಿಮುಕಿಸುತ್ತಾ ನಡೆದರು. ಒಬ್ಬ ಮುದುಕಿ ಅವರ ತೋಳು ಹಿಡಿದು ಮೂಲೆಯ ಗೋರಿ ತೋರಿಸಿ, "ನಮ್ಮೆಜಮಾನ್ರು ಸಾಮೇರೆ, ಇಲ್ಲಿಗೂ ಒಸಿ ಹಾಕಿ" ಅಂದರು.

ಊಟ ಆಯಿತು, ಬಿಷಪ್ಪರ ಕಾರು ಹೊರಟಿತು, ನಾವು ಶಾಮಿಯಾನ ಬಿಚ್ಚಿಸುತ್ತಿದ್ದೆವು. ಹೊಸ ಸ್ವಾಮಿಗಳು ಮೆಲ್ಲಗೆ ನನ್ನ ಹತ್ತಿರ ಬಂದರು. ಕೈಯಲ್ಲಿ ಅದೇ ದಾರ, ಅದರಲ್ಲಿ ಗೇಣುದ್ದದ ಕೈ, ಹಿತ್ತಾಳೆ ಬೀಗದ ಕೈ. "ಸಾರ್, ಚರ್ಚ್ ಕೀ ಇದೆ. ನಾನು ಮಲಗೋ ಮನೆಯ ಕೀ ಯಾರ ಹತ್ತಿರ ಇದೆ?" ಅಂದರು.

ಅದು ಉಪದೇಶಿಗಳ ಸೊಂಟದಲ್ಲಿತ್ತು. ಅವರು ಬಾಡಿಗೆ ಪಾತ್ರೆ ವಾಪಸ್ ಕೊಡಲು ಟ್ರ್ಯಾಕ್ಟರ್ ಹತ್ತಿ ಪೇಟೆಗೆ ಹೋಗಿದ್ದರು.