ಗೆಲ್ಲದ ತಂಡದ ನೆನಪು: ಕೆಂಟಕಿಯ ಆ ನಾಲ್ವರು

ನಮ್ಮ ಕನ್ನಡ ಕೂಟದ ಎಲ್ಲರಿಗೂ ನಮಸ್ಕಾರ.

ನಮ್ಮ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನ ರಪ್ ಅರೀನಾ ಕ್ರೀಡಾಂಗಣಕ್ಕೆ ಇಲ್ಲಿರುವವರಲ್ಲಿ ಬಹಳ ಜನ ಹೋಗಿದ್ದೀರಿ. ಮುಂದಿನ ಸಲ ಹೋದಾಗ ಒಮ್ಮೆ ತಲೆಯೆತ್ತಿ ಚಾವಣಿ ನೋಡಿ. ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಗೆದ್ದ ಎಂಟು ರಾಷ್ಟ್ರೀಯ ಪ್ರಶಸ್ತಿಗಳ ಬ್ಯಾನರುಗಳು ಅಲ್ಲಿ ತೂಗುತ್ತವೆ. 1948ರದು ಮೊದಲನೆಯದು, 2012ರದು ಕೊನೆಯದು. ಪಕ್ಕದಲ್ಲಿ ಘಟಾನುಘಟಿ ಆಟಗಾರರ ಜೆರ್ಸಿಗಳು. ಆ ಜೆರ್ಸಿಗಳ ನಡುವೆ ನಾಲ್ಕು ಹೆಸರು ಕಾಣುತ್ತವೆ: ರಿಚಿ ಫಾರ್ಮರ್, ಡೆರನ್ ಫೆಲ್ಡ್‌ಹೌಸ್, ಜಾನ್ ಪೆಲ್ಫ್ರಿ, ಶಾನ್ ವುಡ್ಸ್. ಈ ನಾಲ್ವರೂ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಲಿಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ನಾಲ್ಕು ತಂಡ ಉಳಿಯುವ ‘ಫೈನಲ್ ಫೋರ್’ ಹಂತವನ್ನೂ ಮುಟ್ಟಲಿಲ್ಲ. ವೃತ್ತಿಪರರ ಲೀಗ್ ಆದ ಎನ್‌ಬಿಎಯಲ್ಲಿ ಹೆಸರು ಮಾಡಲಿಲ್ಲ. ಆದರೂ ಕೊನೆಯ ಪಂದ್ಯ ಸೋತ ಕೆಲವೇ ದಿನಗಳಲ್ಲಿ, 1992ರ ವಸಂತದಲ್ಲೇ, ಅವರ ಜೆರ್ಸಿಗಳನ್ನು ಮೇಲೇರಿಸಿದರು. ಕೆಂಟಕಿಯ ಜನ ಅವರನ್ನು ‘ಅನ್‌ಫರ್ಗೆಟಬಲ್ಸ್’, ಅಂದರೆ ಮರೆಯಲಾಗದವರು, ಎಂದು ಕರೆದರು, ಇವತ್ತಿಗೂ ಹಾಗೇ ಕರೆಯುತ್ತಾರೆ.

ಗೆದ್ದವರನ್ನು ನೆನಪಿಟ್ಟುಕೊಳ್ಳುವುದು ಸುಲಭ, ಅದಕ್ಕೆ ಕಪ್ ಇದೆ, ಫೋಟೊ ಇದೆ. ಸೋತ ಒಂದು ತಂಡವನ್ನು ಇಡೀ ರಾಜ್ಯ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಹೇಗೆ? ಇವತ್ತು ನಾನು ಮಾತನಾಡಬೇಕೆಂದಿರುವುದು ಅದರ ಬಗ್ಗೆ.

ಮೊದಲು ಈ ರಾಜ್ಯದ ಬಗ್ಗೆ ಎರಡು ಮಾತು. ಕೆಂಟಕಿಗೆ ಎನ್‌ಬಿಎ ತಂಡವಿಲ್ಲ. ಲೂಯಿವಿಲ್‌ನಲ್ಲಿ ಕೆಂಟಕಿ ಕರ್ನಲ್ಸ್ ಎಂಬ ವೃತ್ತಿಪರ ತಂಡವಿತ್ತು, ಅದೂ 1976ರಲ್ಲಿ ಮುಚ್ಚಿತು. ಹೀಗಾಗಿ ವಿಶ್ವವಿದ್ಯಾಲಯದ ತಂಡವೇ ರಾಜ್ಯದ ತಂಡ. ಪೂರ್ವದ ಕಲ್ಲಿದ್ದಲು ಗುಡ್ಡಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತದ ಗಣಿ ಕಾರ್ಮಿಕರ ಮನೆಗಳಲ್ಲೂ ‘ನಮ್ಮ ಕ್ಯಾಟ್ಸ್’ ಎಂದೇ ಮಾತು, ತಂಡದ ಹೆಸರು ವೈಲ್ಡ್‌ಕ್ಯಾಟ್ಸ್. ಹೈಸ್ಕೂಲ್ ಮಟ್ಟದಲ್ಲೂ ಇಲ್ಲಿ ಒಂದು ವಿಶೇಷವಿದೆ. ಬಹುತೇಕ ರಾಜ್ಯಗಳು ದೊಡ್ಡ ಶಾಲೆ, ಸಣ್ಣ ಶಾಲೆ ಎಂದು ದರ್ಜೆ ಮಾಡಿ ಬೇರೆ ಬೇರೆ ಟೂರ್ನಿ ನಡೆಸುತ್ತವೆ. ಕೆಂಟಕಿಯಲ್ಲಿ ಮುಖ್ಯ ಟೂರ್ನಿ ಒಂದೇ. ಹದಿನಾರು ಪ್ರಾಂತಗಳಿಂದ ಹದಿನಾರು ತಂಡ, ಹಳ್ಳಿಯ ಶಾಲೆಯಾದರೂ ನಗರದ್ದಾದರೂ ಸರಿ. ಗುಡ್ಡಗಾಡಿನ ಕ್ಲೇ ಕೌಂಟಿ 1987ರಲ್ಲಿ ಆ ಟೂರ್ನಿ ಗೆದ್ದಿತು. ಆ ತಂಡದ ಹುಡುಗನೇ ರಿಚಿ ಫಾರ್ಮರ್. ಮುಂದಿನ ವರ್ಷ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಬಿರುದು ಅವನದಾಯಿತು. ಅದಕ್ಕೂ ಒಂದು ವರ್ಷ ಮೊದಲು ಅದೇ ಬಿರುದು ಪಡೆದವನು ಪೇಂಟ್ಸ್‌ವಿಲ್‌ನ ಜಾನ್ ಪೆಲ್ಫ್ರಿ. ಫೆಲ್ಡ್‌ಹೌಸ್ ಓಹಾಯೊ ನದಿ ದಂಡೆಯ ಮೇಸ್‌ವಿಲ್‌ನವನು, ಅವನ ತಂದೆಯೂ ಕೆಂಟಕಿ ತಂಡಕ್ಕೆ ಆಡಿದವರು. ವುಡ್ಸ್ ಒಬ್ಬನೇ ಹೊರಗಿನವನು, ಇಂಡಿಯಾನಾಪೊಲಿಸ್‌ನವನು.

ಈ ಹುಡುಗರು ಸೇರಿದ ಹೊತ್ತಿಗೆ ತಂಡದ ಮೇಲೆ ಬರಸಿಡಿಲು ಬಿತ್ತು. 1988ರಲ್ಲಿ ಕೆಂಟಕಿಯ ಸಹಾಯಕ ಕೋಚ್ ಕಡೆಯಿಂದ ಆಟಗಾರ ಕ್ರಿಸ್ ಮಿಲ್ಸ್ ತಂದೆಗೆ ಹೊರಟಿದ್ದ ಕೊರಿಯರ್ ಲಕೋಟೆಯೊಂದು ದಾರಿಯಲ್ಲಿ ಬಿಚ್ಚಿಕೊಂಡಿತು, ಅದರಲ್ಲಿ ಸಾವಿರ ಡಾಲರ್ ಇತ್ತು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಕಾಲೇಜು ಆಟಗಾರರಿಗೆ ಹೀಗೆ ಹಣ ಕೊಡುವುದು ಆಗ ನಿಷಿದ್ಧ. ಇನ್ನೊಬ್ಬ ಆಟಗಾರನ ಪ್ರವೇಶ ಪರೀಕ್ಷೆಯ ವಂಚನೆಯ ಆರೋಪವೂ ಸೇರಿಕೊಂಡಿತು. 1989ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಶಿಕ್ಷೆ ವಿಧಿಸಿತು: ಎರಡು ವರ್ಷ ಸೀಸನ್ ಕೊನೆಯ ಟೂರ್ನಿಗಳಲ್ಲಿ ಆಡುವಂತಿಲ್ಲ, ಒಂದು ವರ್ಷ ಟಿವಿಯಲ್ಲಿ ನೇರ ಪ್ರಸಾರವೇ ಇಲ್ಲ. ಕೋಚ್ ಎಡ್ಡಿ ಸಟನ್ ರಾಜೀನಾಮೆ ಕೊಟ್ಟರು. ಮಿಲ್ಸ್ ಅರಿಜೋನಾಕ್ಕೆ ಹೋದ, ಲೆರಾನ್ ಎಲಿಸ್ ಸಿರಕ್ಯೂಸ್‌ಗೆ ಹೋದ. ಯಾರೂ ಅವರನ್ನು ದೂರುವಂತಿರಲಿಲ್ಲ. ಆಡುವ ವಯಸ್ಸು ನಾಲ್ಕೇ ವರ್ಷ, ಅದರಲ್ಲಿ ಎರಡನ್ನು ಬೇರೆಯವರ ತಪ್ಪಿಗೆ ಕಳೆದುಕೊಳ್ಳಬೇಕೆಂದು ಯಾರನ್ನು ಒತ್ತಾಯಿಸಲಾದೀತು?

ಈ ನಾಲ್ವರು ಉಳಿದರು.

ನ್ಯೂಯಾರ್ಕ್ ನಿಕ್ಸ್ ತಂಡವನ್ನು ಬಿಟ್ಟು ರಿಕ್ ಪಿಟಿನೊ ಕೋಚ್ ಆಗಿ ಬಂದರು. ಅವರ ಕೈಗೆ ಸಿಕ್ಕಿದ್ದು ಸ್ಕಾಲರ್‌ಶಿಪ್ ಇದ್ದ ಎಂಟೇ ಆಟಗಾರರು, ಅವರಲ್ಲಿ ಎತ್ತರದವರು ಕಡಿಮೆ. ಎತ್ತರವಿಲ್ಲದಿದ್ದರೆ ಓಡಿ, ದೂರದಿಂದ ಎಸೆಯಿರಿ ಎಂದರು ಪಿಟಿನೊ. ಮೂರು ಪಾಯಿಂಟಿನ ಹೊಡೆತವೇ ಅಸ್ತ್ರವಾಯಿತು, ಅಂಗಳದ ಉದ್ದಕ್ಕೂ ಎದುರಾಳಿಯ ಬೆನ್ನು ಬಿಡದೆ ಒತ್ತುವುದು ಅಭ್ಯಾಸವಾಯಿತು. 1989ರ ಡಿಸೆಂಬರಿನಲ್ಲಿ ಕನ್ಸಾಸ್ ಅವರನ್ನು 150–95ರಿಂದ ನುಚ್ಚುನೂರು ಮಾಡಿತು. ಎರಡು ತಿಂಗಳ ಮೇಲೆ, 1990ರ ಫೆಬ್ರವರಿಯಲ್ಲಿ, ಶಕೀಲ್ ಓನೀಲ್ ಇದ್ದ ಲೂಯಿಸಿಯಾನ ಸ್ಟೇಟ್ ತಂಡವನ್ನು ಇದೇ ಹುಡುಗರು ರಪ್ ಅರೀನಾದಲ್ಲಿ 100–95ರಿಂದ ಸೋಲಿಸಿದರು. ಆ ಸೀಸನ್ 14 ಗೆಲುವು, 14 ಸೋಲಿಗೆ ಮುಗಿಯಿತು. ಲೆಕ್ಕಕ್ಕೆ ಅದು ಸಾಧಾರಣ ಸೀಸನ್. ಲೆಕ್ಸಿಂಗ್ಟನ್‌ನ ಹಿರಿಯ ಅಭಿಮಾನಿಗಳನ್ನು ಕೇಳಿ ನೋಡಿ, ತಮಗೆ ಅತಿ ಪ್ರಿಯವಾದ ಸೀಸನ್‌ಗಳಲ್ಲಿ ಇದನ್ನು ಸೇರಿಸುವವರು ಸಿಕ್ಕೇ ಸಿಗುತ್ತಾರೆ.

ಇಲ್ಲಿ ನನಗೆ ತೋರುವುದನ್ನು ಹೇಳಬೇಕು. ಆ ವರ್ಷ ಟಿವಿ ನೇರ ಪ್ರಸಾರ ಇರಲಿಲ್ಲ ಎಂದೆನಲ್ಲ, ಜನ ಮತ್ತೆ ರೇಡಿಯೊಗೆ ಮರಳಿದರು. ರೇಡಿಯೊದಲ್ಲಿ ಕೇವುಡ್ ಲೆಡ್‌ಫರ್ಡ್ ಇದ್ದರು. ಹಾರ್ಲನ್ ಕೌಂಟಿಯ ಕಲ್ಲಿದ್ದಲು ಸೀಮೆಯಲ್ಲಿ ಹುಟ್ಟಿದವರು, 1953ರಿಂದ ಕೆಂಟಕಿ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಿದ್ದವರು. ಟಿವಿ ಇದ್ದ ಕಾಲದಲ್ಲೂ ಅದರ ದನಿ ಅಡಗಿಸಿ ಕೇವುಡ್ ದನಿ ಕೇಳುತ್ತಾ ಪಂದ್ಯ ನೋಡುವುದು ಕೆಂಟಕಿಯ ಮನೆಗಳ ರೂಢಿ. ಪಂದ್ಯ ಶುರುವಾಗುವಾಗ ಅವರು ತಂಡ ಯಾವ ಕಡೆಗೆ ಆಡುತ್ತಿದೆ ಎಂಬುದನ್ನು ರೇಡಿಯೊ ಡಯಲ್‌ನ ಎಡಬಲ ಹಿಡಿದು ಹೇಳುತ್ತಿದ್ದರಂತೆ. ಕೇಳುವವನ ಕಣ್ಣೆದುರಿಗಿದ್ದ ಪೆಟ್ಟಿಗೆಯೇ ಅಂಗಳವಾಯಿತು ನೋಡಿ! ಲೂಯಿವಿಲ್‌ನ ಡಬ್ಲ್ಯೂಎಚ್‌ಎಎಸ್ ಕೇಂದ್ರದ 50,000 ವಾಟ್ ಅಲೆಗಳು ರಾತ್ರಿ ಹೊತ್ತು ಎಷ್ಟೋ ರಾಜ್ಯ ದಾಟಿ ಹೋಗುತ್ತಿದ್ದವು. ಡೆಟ್ರಾಯಿಟ್, ಸಿನ್ಸಿನಾಟಿ ಕಾರ್ಖಾನೆಗಳಿಗೆ ದುಡಿಯಲು ಹೋದ ಕೆಂಟಕಿಯವರಿಗೆ ಅದು ಊರಿನ ದನಿ. ಪರಊರಿನಲ್ಲಿ ಕೂತು ತನ್ನೂರಿನ ದನಿಗೆ ಕಿವಿಗೊಡುವುದು ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ನೋಡಿದ್ದನ್ನು ಕಣ್ಣು ಬೇಗ ಮರೆಯುತ್ತದೆ, ಕೇಳಿ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡದ್ದು ನಮ್ಮದೇ ಆಗಿಬಿಡುತ್ತದೆ. ಶಿಕ್ಷೆಯೆಂದು ಟಿವಿ ಕಿತ್ತುಕೊಂಡರು. ಅದೇ ಕಾರಣಕ್ಕೆ ಆ ತಂಡ ಜನರ ಮನಸ್ಸಿನೊಳಗೆ ಇನ್ನಷ್ಟು ಆಳಕ್ಕಿಳಿಯಿತು ಎಂದು ನಾನು ನಂಬುತ್ತೇನೆ.

ಎರಡನೆಯ ವರ್ಷ 22 ಗೆಲುವು, 6 ಸೋಲು. ಆಗ್ನೇಯ ವಲಯದ ಲೀಗಿನಲ್ಲಿ ಅತ್ಯುತ್ತಮ ದಾಖಲೆ ಅವರದೇ, ಆದರೆ ಶಿಕ್ಷೆಯ ಕಾರಣ ಪಟ್ಟ ಸಿಗಲಿಲ್ಲ. ಮೂರನೆಯ ವರ್ಷ ನಿಷೇಧ ಮುಗಿಯಿತು. ಆ ಹೊತ್ತಿಗೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಿಂದ ಜಮಾಲ್ ಮ್ಯಾಶ್‌ಬರ್ನ್ ಬಂದಿದ್ದ, ತಂಡದ ನಿಜವಾದ ತಾರೆ ಅವನು.

1992ರ ಮಾರ್ಚ್ 28, ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಕ್ರೀಡಾಂಗಣ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಡ್ಯೂಕ್ ವಿಶ್ವವಿದ್ಯಾಲಯ. ಗೆದ್ದವರು ಫೈನಲ್ ಫೋರ್‌ಗೆ. ದ್ವಿತೀಯಾರ್ಧದಲ್ಲಿ ದೊಡ್ಡ ಅಂತರದಿಂದ ಹಿಂದೆ ಬಿದ್ದಿದ್ದ ಕೆಂಟಕಿ ಬೆನ್ನಟ್ಟಿ ಬಂದು 93–93ಕ್ಕೆ ಸಮ ಮಾಡಿತು. ಹೆಚ್ಚುವರಿ ಅವಧಿಯಲ್ಲಿ ಮುನ್ನಡೆ ಅತ್ತ ಇತ್ತ ಜಿಗಿಯಿತು. 28 ಪಾಯಿಂಟ್ ಗಳಿಸಿದ್ದ ಮ್ಯಾಶ್‌ಬರ್ನ್ ಐದು ಫೌಲ್ ಆಗಿ ಹೊರಬಿದ್ದ. ಡ್ಯೂಕ್ ಒಂದು ಪಾಯಿಂಟ್ ಮುಂದಿದ್ದಾಗ ಶಾನ್ ವುಡ್ಸ್ ಚೆಂಡು ಹಿಡಿದು ನುಗ್ಗಿದ, ಡ್ಯೂಕ್‌ನ ಕ್ರಿಶ್ಚಿಯನ್ ಲೇಟ್ನರ್ ಚಾಚಿದ ಕೈಯ ಮೇಲಿಂದ ಎಸೆದ, ಚೆಂಡು ಹಲಗೆಗೆ ಬಡಿದು ಬುಟ್ಟಿಯೊಳಗಿಳಿಯಿತು. 103–102. ಗಡಿಯಾರದಲ್ಲಿ ಉಳಿದದ್ದು 2.1 ಸೆಕೆಂಡ್.

ಮುಂದಿನದನ್ನು ನೀವು ಪ್ರತಿ ಮಾರ್ಚ್‌ನಲ್ಲೂ ಟಿವಿಯಲ್ಲಿ ನೋಡಿರುತ್ತೀರಿ. ಚೆಂಡು ಒಳಗೆಸೆಯಲು ನಿಂತ ಡ್ಯೂಕ್‌ನ ಗ್ರಾಂಟ್ ಹಿಲ್ ಎದುರು ತಡೆಯಲು ಪಿಟಿನೊ ಯಾರನ್ನೂ ನಿಲ್ಲಿಸಲಿಲ್ಲ. ಹಿಲ್ ಅಂಗಳದ ಆ ತುದಿಯಿಂದ ಎಪ್ಪತ್ತು ಅಡಿಗೂ ಹೆಚ್ಚು ದೂರ ಎಸೆದ. ಲೇಟ್ನರ್ ಹಿಡಿದ, ಒಮ್ಮೆ ಚೆಂಡು ಪುಟಿಸಿದ, ತಿರುಗಿ ಎಸೆದ. ಅವನ ಅಕ್ಕಪಕ್ಕದಲ್ಲಿದ್ದವರು ಪೆಲ್ಫ್ರಿ ಮತ್ತು ಫೆಲ್ಡ್‌ಹೌಸ್. ಮುಟ್ಟಿದರೆ ಫೌಲ್ ಆದೀತೆಂದು ಇಬ್ಬರೂ ಮೈ ಹಿಂದಕ್ಕೆಳೆದುಕೊಂಡರು. 104–103. ಅವತ್ತು ಲೇಟ್ನರ್ ಹತ್ತು ಶಾಟ್ ಎಸೆದು ಹತ್ತನ್ನೂ, ಹತ್ತು ಫ್ರೀ ಥ್ರೋ ಎಸೆದು ಹತ್ತನ್ನೂ ಬುಟ್ಟಿಗೆ ಹಾಕಿದ್ದ. ಅದಕ್ಕಿಂತ ಮುಂಚೆ ನೆಲಕ್ಕೆ ಬಿದ್ದಿದ್ದ ಕೆಂಟಕಿಯ ಹುಡುಗ ಅಮಿನು ಟಿಂಬರ್‌ಲೇಕ್ ಎದೆಯ ಮೇಲೆ ಕಾಲೂರಿದ್ದ. ಅದಕ್ಕೆ ಟೆಕ್ನಿಕಲ್ ಫೌಲ್ ಸಿಕ್ಕಿತು, ಹೊರಗೆ ಮಾತ್ರ ಕಳಿಸಲಿಲ್ಲ. ಕಳಿಸಬೇಕಿತ್ತು ಎಂಬ ವಾದ ಕೆಂಟಕಿಯಲ್ಲಿ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯವೂ ಅದೇ.

ಅದು ಕೇವುಡ್ ಲೆಡ್‌ಫರ್ಡ್ ಕೆಂಟಕಿಗಾಗಿ ವಿವರಣೆ ಕೊಟ್ಟ ಕೊನೆಯ ಪಂದ್ಯ. ಆ ಸೀಸನ್‌ಗೆ ನಿವೃತ್ತಿ ಎಂದು ಮೊದಲೇ ಹೇಳಿದ್ದರು. ಗೆದ್ದ ಡ್ಯೂಕ್ ಕೋಚ್ ಮೈಕ್ ಶಶೆವ್‌ಸ್ಕಿ ಸಂಭ್ರಮ ಬಿಟ್ಟು ಅವರ ಮೈಕ್ ಬಳಿಗೆ ಬಂದರು, ಕೆಂಟಕಿಯ ಕೇಳುಗರಿಗೆ ಅವರ ಹುಡುಗರ ಬಗ್ಗೆ ಒಳ್ಳೆಯ ಮಾತಾಡಿದರು. ಲೇಟ್ನರ್‌ನನ್ನು ಇವತ್ತಿಗೂ ಕ್ಷಮಿಸದ ಜನ ಅವನ ಕೋಚ್ ತೋರಿದ ಆ ಸೌಜನ್ಯವನ್ನು ಮರೆತಿಲ್ಲ.

ಆರು ವರ್ಷದ ಮೇಲೆ, 1998ರಲ್ಲಿ, ಮತ್ತೆ ಕೆಂಟಕಿ–ಡ್ಯೂಕ್, ಮತ್ತೆ ಫೈನಲ್ ಫೋರ್‌ಗೆ ಹೋಗುವ ಪಂದ್ಯ. ಹತ್ತು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ 17 ಪಾಯಿಂಟ್ ಹಿಂದಿದ್ದ ಕೆಂಟಕಿ 86–84ರಿಂದ ಗೆದ್ದು, ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಸೇಡು ತೀರಿತು ಅಂದರು ಜನ. ಆದರೂ 1992ರ ನೋವಿನ ಜಾಗ ಅದಕ್ಕೆ ಸಿಗಲಿಲ್ಲ.

ನೆನಪನ್ನು ಪ್ರೀತಿಸುವವರು ಅದರ ಓರೆಯನ್ನೂ ನೋಡಬೇಕು. ಆ ತಂಡದ ಅತ್ಯುತ್ತಮ ಆಟಗಾರ ಮ್ಯಾಶ್‌ಬರ್ನ್ ‘ನಾಲ್ವರ’ ಪಟ್ಟಿಯಲ್ಲಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಸಂದ ಗೌರವ ಅದು, ಸರಿ, ಅವನ ಜೆರ್ಸಿಯೂ ಆಮೇಲೆ ಮೇಲೇರಿತು. ಆದರೆ ಕಥೆ ಹೇಳುವಾಗ ‘ನಮ್ಮ ಊರಿನ ಹುಡುಗರು’ ಎಂಬ ಹೆಮ್ಮೆ ಬ್ರಾಂಕ್ಸ್‌ನ ಕಪ್ಪು ಹುಡುಗನನ್ನೂ ಇಂಡಿಯಾನಾಪೊಲಿಸ್‌ನ ಕಪ್ಪು ಹುಡುಗನನ್ನೂ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದ್ದುಂಟು. 2.1 ಸೆಕೆಂಡಿಗೆ ಮುಂಚಿನ ಆ ಹೊಡೆತ ವುಡ್ಸ್‌ನದು. ಪಂದ್ಯ ಅಲ್ಲಿಗೇ ಮುಗಿದಿದ್ದರೆ ಪ್ರತಿ ಮಾರ್ಚ್‌ನಲ್ಲಿ ಟಿವಿ ತೋರಿಸುತ್ತಿದ್ದುದು ಅವನ ಮುಖ. ರಪ್ ಅರೀನಾಕ್ಕೆ ಯಾರ ಹೆಸರಿದೆಯೋ ಆ ಅಡಾಲ್ಫ್ ರಪ್ ಕಾಲವನ್ನೂ ಹೀಗೇ ನೋಡಬೇಕು. ಅವರು 876 ಪಂದ್ಯ ಗೆದ್ದ ಕೋಚ್. 1966ರ ಫೈನಲ್‌ನಲ್ಲಿ ಅವರ ಬಿಳಿಯರ ತಂಡ ಐವರು ಕಪ್ಪು ಆಟಗಾರರನ್ನು ಕಣಕ್ಕಿಳಿಸಿದ ಟೆಕ್ಸಸ್ ವೆಸ್ಟರ್ನ್ ಎದುರು 72–65ರಿಂದ ಸೋತಿತು. ಅಲ್ಲಿಂದ ಹನ್ನೆರಡು ವರ್ಷಕ್ಕೆ, 1978ರ ಫೈನಲ್‌ನಲ್ಲಿ, ಲೆಕ್ಸಿಂಗ್ಟನ್‌ನದೇ ಕಪ್ಪು ಹುಡುಗ ಜ್ಯಾಕ್ ಗಿವನ್ಸ್ 41 ಪಾಯಿಂಟ್ ಹೊಡೆದು ಪ್ರಶಸ್ತಿ ತಂದ. ಗಿವನ್ಸ್ ಕಥೆಯನ್ನು ಖುಷಿಯಿಂದ ಹೇಳುವವರು 1966ರ ಕಥೆಯನ್ನೂ ಹೇಳಲಿ. ಒಂದಿಲ್ಲದೆ ಇನ್ನೊಂದರ ತೂಕ ಗೊತ್ತಾಗುವುದಿಲ್ಲ.

ರಿಚಿ ಫಾರ್ಮರ್ ಬದುಕೂ ಅಲ್ಲಿಗೆ ನಿಲ್ಲಲಿಲ್ಲ. ಜನಪ್ರೀತಿಯ ಬಲದಿಂದ ರಾಜ್ಯದ ಕೃಷಿ ಕಮಿಷನರ್ ಆಗಿ ಎರಡು ಸಲ ಗೆದ್ದ. ಅಧಿಕಾರ ದುರುಪಯೋಗದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು 2014ರಲ್ಲಿ ಜೈಲು ಶಿಕ್ಷೆಗೆ ಗುರಿಯಾದ. ಅವನ 32ನೇ ನಂಬರಿನ ಜೆರ್ಸಿ ಅಲ್ಲೇ ಇದೆ. ಇರುವುದು ಸರಿ ಎಂದೇ ನಾನೆನ್ನುತ್ತೇನೆ. ಮೇಲೇರಿಸಿದ್ದು ಆ ಮೂರು ವರ್ಷವನ್ನು.

ಈಗ ಕಾಲ ಬದಲಾಗಿದೆ. ಹೈಸ್ಕೂಲ್ ಮುಗಿದು ಒಂದು ವರ್ಷವಾಗದೆ ಸೇರುವಂತಿಲ್ಲ ಎಂಬ ಎನ್‌ಬಿಎ ನಿಯಮದ ಕಾರಣ 2006ರಿಂದ ಪ್ರತಿಭಾವಂತರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಟುಬಿಡುವುದು ರೂಢಿಯಾಯಿತು. 2012ರಲ್ಲಿ ಪ್ರಶಸ್ತಿ ತಂದ ಆಂಟನಿ ಡೇವಿಸ್ ಇಲ್ಲಿದ್ದದ್ದು ಒಂದೇ ಸೀಸನ್. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು, ತಂಡ ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಾಗಿಲ್ಲ. 2024ರಲ್ಲಿ ಕೋಚ್ ಬದಲಾದಾಗ ಸ್ಕಾಲರ್‌ಶಿಪ್ ಆಟಗಾರನೊಬ್ಬನೂ ಉಳಿಯಲಿಲ್ಲ. ‘ಹಿಂದಿನವರ ನಿಷ್ಠೆ ಈಗಿನವರಿಗಿಲ್ಲ’ ಎಂಬ ಮಾತು ಅಭಿಮಾನಿಗಳ ಬಾಯಲ್ಲಿ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೋಚ್‌ಗಳೂ ಟಿವಿ ಕಂಪನಿಗಳೂ ಕೋಟಿ ಕೋಟಿ ಎಣಿಸುತ್ತಿದ್ದಾಗ ಬೆವರು ಸುರಿಸಿದ ಹುಡುಗನಿಗೆ ಸಿಗುತ್ತಿದ್ದದ್ದು ಫೀಸು, ಊಟ, ರೂಮು. ಆ ಸಾವಿರ ಡಾಲರ್ ಲಕೋಟೆಯ ಹಗರಣ ಇವತ್ತಾಗಿದ್ದರೆ ಅದರಲ್ಲಿ ಸುದ್ದಿಯೇ ಇರುತ್ತಿರಲಿಲ್ಲ. ದುಡ್ಡು ಅವರ ಹಕ್ಕು.

ಆದರೆ ನಷ್ಟವೂ ನಿಜ. ಲಂಡನ್ ಎಂಬ ಕೆಂಟಕಿಯದೇ ಸಣ್ಣ ಊರಿನ ರೀಡ್ ಶೆಪರ್ಡ್ 2023ರಲ್ಲಿ ತಂಡ ಸೇರಿದ. ಅವನ ತಂದೆ ಜೆಫ್ 1998ರ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ, ತಾಯಿ ಸ್ಟೇಸಿ ಕೂಡ ಕೆಂಟಕಿಗೆ ಆಡಿದವರು. ಮಗ ಚೆಂಡು ಮುಟ್ಟಿದಾಗಲೆಲ್ಲ ಅಪ್ಪನನ್ನು ಕಂಡಂತಾಗಿ ಜನ ಎದ್ದು ನಿಲ್ಲುತ್ತಿದ್ದರು. ಒಂದು ವರ್ಷಕ್ಕೇ, ಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ ಸರದಿಯಲ್ಲಿ ಮೂರನೆಯ ಆಯ್ಕೆಯಾಗಿ ಹೋದ. ಹೋಗಬೇಕಾದ್ದೇ. ಆದರೆ ಹುಡುಗನೊಬ್ಬ ಎಡವಿ, ಕಲಿತು, ಬಲಿಯುವುದನ್ನು ನಾಲ್ಕು ಚಳಿಗಾಲ ನೋಡುವ ಭಾಗ್ಯ ಈಗಿನ ಮಕ್ಕಳಿಗೆ ಅಪರೂಪ. ನೆನಪು ಬೇರು ಬಿಡುವುದು ಗೆಲುವಿನಲ್ಲಲ್ಲ, ಆ ಅವಧಿಯಲ್ಲಿ. ಅದಕ್ಕೇ ಅದೇ 2024ರಲ್ಲಿ, 1996ರ ಪ್ರಶಸ್ತಿ ತಂಡದ ನಾಯಕ ಮಾರ್ಕ್ ಪೋಪ್ ಕೋಚ್ ಆಗಿ ಬಂದಾಗ, ಅವರ ಪರಿಚಯದ ಸಭೆಗೆ ರಪ್ ಅರೀನಾ ತುಂಬಿತು. ಅವತ್ತು ಪಂದ್ಯವಿರಲಿಲ್ಲ. ಪೋಪ್ ಹಳೆಯ ಗೆಳೆಯರ ಜೊತೆ ಬಸ್ಸಿನಲ್ಲಿ ಬಂದು ಕಪ್ ಹಿಡಿದು ಇಳಿದರು, ಜನ ಅತ್ತರು.

ನಮ್ಮ ಕೂಟದಲ್ಲೇ 1992ಕ್ಕೆ ಮೊದಲು ಕೆಂಟಕಿಗೆ ಬಂದ ಹಿರಿಯರಿದ್ದೀರಿ. ಆ ಶನಿವಾರ ರಾತ್ರಿ ಯಾರ ಮನೆಯಲ್ಲಿ ಕೂತಿದ್ದಿರಿ, ರೇಡಿಯೊ ಕೇಳಿದಿರೋ ಟಿವಿ ನೋಡಿದಿರೋ, ಮಾರನೆಯ ದಿನ ಊರು ಹೇಗಿತ್ತು, ಸೋಮವಾರ ಕೆಲಸದ ಕಡೆ ಜನ ಏನಂದರು? ಇವುಗಳನ್ನು ಕನ್ನಡದಲ್ಲಿ ಯಾರೂ ಬರೆದಿಟ್ಟದ್ದು ನಾನು ಕಂಡಿಲ್ಲ. ಮೈಕ್ ಇಲ್ಲೇ ಇದೆ. ನನ್ನ ಪಾಲಿನ ಮಾತು ಆಯಿತು, ಇನ್ನು ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.