ರನ್‌ವೇ ಮೇಲೆ ಜೌಗು

ಕೇಳುಗರೇ, ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಹ್ಯಾಮಿಲ್ಟನ್ ಅನ್ನುವ ಮಿಲಿಟರಿ ವಿಮಾನ ನಿಲ್ದಾಣ ಇತ್ತು. 1930ರ ದಶಕದಲ್ಲಿ ಕಟ್ಟಿದ್ದು. ಇವತ್ತು ಅದರ ರನ್‌ವೇ ಕೆಸರಿನಡಿ ಇದೆ. ಮೇಲೆ ಉಬ್ಬರದ ನೀರು ಬಂದು ಹೋಗುತ್ತದೆ. ಇದು ಅನಾಹುತದಿಂದ ಆದದ್ದಲ್ಲ. ಜೌಗನ್ನು ಮರಳಿ ತರಲು ಸರ್ಕಾರವೇ ದುಡ್ಡು ಹಾಕಿ ಮಾಡಿಸಿದ ಕೆಲಸ.

ವಿಮಾನಕ್ಕೆ ಸಮತಟ್ಟಾದ ಬಯಲು ಬೇಕು. ಅಂಥ ಬಯಲು ಹೊಳೆಯ ಪಕ್ಕದಲ್ಲೋ ಕಡಲಿನ ಅಂಚಿನಲ್ಲೋ ಸುಲಭವಾಗಿ ಸಿಗುತ್ತದೆ. ಅಂದರೆ ನೀರು ಹರಡಿಕೊಳ್ಳುವ ಜಾಗದಲ್ಲೇ. ಹ್ಯಾಮಿಲ್ಟನ್‌ನಲ್ಲಿ ಏರಿ ಹಾಕಿ ನೀರನ್ನು ಆಚೆ ತಡೆದಿದ್ದರು. ಜೌಗು ಒಣಗಿತು. ಒಣಗಿದ ಕೆಸರು ಕುಗ್ಗುತ್ತದೆ, ಅಲ್ವಾ? ನೆಲ ಇಳಿಯುತ್ತಾ ಇಳಿಯುತ್ತಾ ಕಡಲ ಮಟ್ಟಕ್ಕಿಂತ ಕೆಳಗೆ ಹೋಯಿತು. ಸುಮ್ನೆ ಏರಿ ಒಡೆದಿದ್ದರೆ ಜೌಗು ಮರಳುತ್ತಿರಲಿಲ್ಲ, ಆಳವಾದ ನೀರು ನಿಲ್ಲುತ್ತಿತ್ತು. ಅದಕ್ಕೇ ಓಕ್‌ಲೆಂಡ್ ಬಂದರಿನ ಹೂಳು ತಂದು ನೆಲ ಎತ್ತರಿಸಿದರು. ಅಕ್ಕಪಕ್ಕದ ಮನೆಗಳ ಕಾವಲಿಗೆ ಹೊಸ ಏರಿ ಕಟ್ಟಿದರು. ಆಮೇಲೆ, 2014ರಲ್ಲಿ, ಹಳೇ ಏರಿಯನ್ನು ಒಡೆದರು. ಈಗ ಅಲೆಯ ಹೊಡೆತ ಮೊದಲು ಜೌಗಿನ ಹುಲ್ಲಿಗೆ ಸಿಕ್ಕಿ ಸೊರಗುತ್ತದೆ, ಹೊಸ ಏರಿಯನ್ನು ಮುಟ್ಟುವುದು ಅದರ ನಂತರ.

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲೂ ಹೀಗೇ ಆಯಿತು. ನಿಡ್ಡಾ ಹೊಳೆಯ ದಡದ ಬೊನಾಮೆಸ್ ಹೆಲಿಕಾಪ್ಟರ್ ಮೈದಾನವನ್ನು ಅಮೆರಿಕದ ಸೇನೆ ಬಿಟ್ಟುಹೋದ ಮೇಲೆ ಅಲ್ಲಿನ ಕಾಂಕ್ರೀಟನ್ನು ಒಡೆದು ಅಲ್ಲೇ ಹರಡಿದರು. ಬಿರುಕಲ್ಲಿ ಗಿಡ ಬಂತು, ಹೊಂಡದಲ್ಲಿ ಕಪ್ಪೆ ಬಂತು.

ಮೈಸೂರಲ್ಲಿ ನಾವು ಇದರ ಉಲ್ಟಾ ಮಾಡಿದ್ದೇವೆ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ಕೆರೆಯೇ. ಅದನ್ನು ಮತ್ತೆ ಕೆರೆ ಮಾಡಿ ಅಂತ ನಾನು ಕೇಳುತ್ತಿಲ್ಲ. ನನ್ನ ಚಿಂತೆ ಉಳಿದಿರುವ ಕೆರೆಗಳದ್ದು. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ ಖಾಲಿ ಜಾಗದ ಹಾಗೆ ಕಾಣುತ್ತದೆ. ಮೊದಲು ಕಟ್ಟಡದ ಮಣ್ಣು ಬಂದು ಬೀಳುತ್ತದೆ, ಆಮೇಲೆ ರಸ್ತೆ, ಆಮೇಲೆ ಸೈಟು. ಆದರೆ ಆ ಖಾಲಿತನವೇ ಕೆಲಸಕ್ಕೆ ಬರುವುದು. ಜೋರು ಮಳೆಯಲ್ಲಿ ಬಂದ ನೀರು ಅಲ್ಲಿ ಹರಡಿ, ನಿಂತು, ಇಂಗಿ, ಉಳಿದದ್ದು ನಿಧಾನವಾಗಿ ಕೋಡಿಯಲ್ಲಿ ಹೋಗಬೇಕು. ವರ್ಷವಿಡೀ ಅಂಚಿನವರೆಗೆ ತುಂಬಿಟ್ಟ ಕೆರೆ ನೋಡೋಕೆ ಚೆಂದ, ನೆರೆ ತಡೆಯೋಕೆ ಅಷ್ಟು ಆಗದು. ಕೆರೆ ಅಭಿವೃದ್ಧಿ ಅಂತ ಸುತ್ತ ಕಲ್ಲಿನ ಗೋಡೆ ಕಟ್ಟಿ ಅಂಗಳ ಕಿರಿದು ಮಾಡುವುದನ್ನು ನಾನಂತೂ ಒಪ್ಪಲಾರೆ.

ಮಂಡ್ಯ ಕಡೆ ಕೆರೆಗಳು ಸಾಲಾಗಿವೆ. ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ. ನಡುವಿನ ಹಳ್ಳ ಒತ್ತುವರಿಯಾದರೆ ನೀರು ಗದ್ದೆಗೆ, ಮನೆಗೆ ನುಗ್ಗುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿದ್ದು ನಿಮಗೆ ನೆನಪಿರಬಹುದು.

ಮುಂಗಾರಿಗೆ ಮುಂಚೆ ನಿಮ್ಮೂರ ಕೆರೆಯ ಕೋಡಿ ಹತ್ತಿರ ಒಮ್ಮೆ ಹೋಗಿ ಬನ್ನಿ. ಕೋಡಿಗೆ ಬಲೆ ಕಟ್ಟಿದ್ದಾರಾ, ಹಳ್ಳದಲ್ಲಿ ಮಣ್ಣು ಸುರಿದಿದ್ದಾರಾ ನೋಡಿ. ಇದ್ದರೆ ಫೋಟೋ ಸಮೇತ ಗ್ರಾಮ ಪಂಚಾಯ್ತಿಗೆ ಬರೆದು ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.