ಲಕ್ವ ಆದವರ ಗೊರಕೆ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಲಕ್ವ ಹೊಡೆದವರಿದ್ದರೆ, ಈ ಮಾತು ಅವರಿಗಿಂತ ಜಾಸ್ತಿ ಅವರ ಪಕ್ಕ ಮಲಗುವ ನಿಮಗೆ. ಕೈಕಾಲಿಗೆ ಫಿಸಿಯೋಥೆರಪಿ ಮಾಡಿಸುತ್ತೀರಿ, ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಸರಿ. ನಿದ್ದೆ ಹೇಗಿದೆ ಅಂತ ಕೇಳಿದರೆ, "ಚೆನ್ನಾಗಿ ಮಲಗ್ತಾರೆ ಡಾಕ್ಟ್ರೇ, ಬೀದಿಗೆಲ್ಲ ಕೇಳೋ ಹಾಗೆ ಗೊರಕೆ" ಅನ್ನುತ್ತೀರಿ. ಗೊರಕೆ ಅಂದರೆ ಒಳ್ಳೆ ನಿದ್ದೆ ಅಲ್ಲ!

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಯಜಮಾನರೊಬ್ಬರು ಬಂದಿದ್ದರು. ಲಕ್ವ, ಅಂದರೆ ಸ್ಟ್ರೋಕ್ ಆಗಿ ಕೆಲವು ತಿಂಗಳಾಗಿತ್ತು. ಕೈ ಬಂದಿತ್ತು, ನಡಿಗೆ ಬಂದಿತ್ತು, ಲೆಕ್ಕ ಮಾತ್ರ ಬಂದಿರಲಿಲ್ಲ. ಕ್ವಿಂಟಾಲಿನ ರೇಟು ಹೇಳಿದರೆ ಇಡೀ ಲೋಡಿನ ಬೆಲೆ ಬಾಯಲ್ಲೇ ಹೇಳುತ್ತಿದ್ದವರು, ಈಗ ಒಂದು ಸಾಲು ಕೂಡುವಷ್ಟರಲ್ಲಿ ದಶಕ ಎಷ್ಟು ಅಂತ ಮರೆತು ಮತ್ತೆ ಮೇಲಿನಿಂದ ಶುರು ಮಾಡುತ್ತಿದ್ದರು. "ವಯಸ್ಸಾಯ್ತಲ್ಲ" ಅಂದ ಮಗ. ಅವರ ಹೆಂಡತಿ ಸುಮ್ಮನಿರಲಿಲ್ಲ. ಮೊಬೈಲ್ ತೆಗೆದು, "ರಾತ್ರಿದು, ಇದನ್ನ ಕೇಳಿ ಸಾರ್" ಅಂದರು. ಗೊರಕೆ ಏರುತ್ತಾ ಹೋಗಿ ಥಟ್ಟನೆ ನಿಂತಿತು. ಫ್ಯಾನಿನ ಸದ್ದು ಮಾತ್ರ. ಆಕೆ ಬೆರಳು ಮಡಚಿ ಎಣಿಸುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ, ನೀರಿನಿಂದ ತಲೆ ಎತ್ತಿದವರ ಹಾಗೆ ಒಂದು ದೊಡ್ಡ ಉಸಿರು. "ರಾತ್ರಿಯಿಡೀ ಹೀಗೇ ಸಾರ್. ತಟ್ಟಿ ಎಬ್ಬಿಸ್ತೀನಿ, ಬೆಳಿಗ್ಗೆ ಕೇಳಿದ್ರೆ ನಂಗೇನೂ ಆಗಿಲ್ಲ ಅಂತಾರೆ." ಅರ್ಧ ಪರೀಕ್ಷೆ ಆ ತಾಯಿ ಮನೆಯಲ್ಲೇ ಮುಗಿಸಿಕೊಂಡು ಬಂದಿದ್ದರು ನೋಡಿ!

ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆ ಮಾಡಿಸಿದೆವು. ಗಂಟೆಗೆ 30 ಸಲಕ್ಕಿಂತ ಜಾಸ್ತಿ ಉಸಿರು ಕಟ್ಟುತ್ತಿತ್ತು. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಗಾಬರಿಯಾದ ಮಿದುಳು ಕ್ಷಣಕಾಲ ಎಚ್ಚರಾಗುತ್ತದೆ. ಮೈ ತೂಕದಲ್ಲಿ ನೂರಕ್ಕೆ 2 ಪಾಲಿರುವ ಮಿದುಳಿಗೆ ಆಮ್ಲಜನಕದಲ್ಲಿ 20 ಪಾಲು ಬೇಕು. ಮೊದಲೇ ಪೆಟ್ಟು ತಿಂದ ಮಿದುಳು ಅದು. ಹಗಲು ಕಲಿತದ್ದು ಗಟ್ಟಿಯಾಗುವುದು ಗಾಢ ನಿದ್ದೆಯಲ್ಲಿ. ಆ ನಿದ್ದೆಯೇ ಚೂರುಚೂರಾದರೆ ನೆನಪು ಎಲ್ಲಿ ನಿಲ್ಲಬೇಕು? ಸ್ಟ್ರೋಕ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಈ ತೊಂದರೆ ಇದೆ. ಆದರೂ ಗೊರಕೆ ಒಳ್ಳೆ ನಿದ್ದೆ ಅಂತಲೇ ನಂಬಿ ಕೂತಿದ್ದೇವೆ!

ಯಜಮಾನರಿಗೆ ಸಿಪ್ಯಾಪ್ ಯಂತ್ರ ಕೊಟ್ಟೆವು. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಜಗತ್ತಿಗೆ ತೋರಿಸಿಕೊಟ್ಟದ್ದು. ಮೂಗಿನ ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಕೆಲವು ತಿಂಗಳಲ್ಲಿ ಲೆಕ್ಕದ ಪುಸ್ತಕ ಅವರ ಕೈಗೆ ವಾಪಸ್ ಬಂತು. ಹಳೆಯ ವೇಗ ಇಲ್ಲ, ಆದರೆ ಮೇಲಿನಿಂದ ಶುರು ಮಾಡುವುದು ನಿಂತಿತು.

ಅವರ ಕತೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಅಂಗಾತ ಮಲಗಿಸಬೇಡಿ, ಮಗ್ಗುಲಾಗಿ ಮಲಗಿಸಿ. ರಾತ್ರಿ ಕುಡಿಯುವ ಅಭ್ಯಾಸ ಬಿಡಿಸಿ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರಲೇಬೇಡಿ, ಕೆಲವು ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ. ಇನ್ನೊಂದು, ಮೂಗಿಗೆ ಕಿರಿಕಿರಿ ಅಂತ ಸಿಪ್ಯಾಪನ್ನು ಅಟ್ಟಕ್ಕೆ ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಮಾಸ್ಕು ಬೇರೆ ಬೇರೆ ಸೈಜಿನಲ್ಲಿ ಬರುತ್ತದೆ, ಹೋಗಿ ಬದಲಿಸಿಕೊಳ್ಳಿ.

ನಮಸ್ಕಾರ.